ಇಳಿಸಲು ಕಲಿಸಿದ ಚಾಚಾ

ಬಿಸಿಲಿಗೆ ನಮ್ಮ ನಿಮ್ಮೆಲ್ಲರ ಹಣೆ, ಮೂಗಿನ ತುದಿ, ಕತ್ತಿನ ಹಿಂಭಾಗ ಕಪ್ಪಾಗುತ್ತವೆ. ಚಾಚಾಗೆ ಕಪ್ಪಾಗಿದ್ದದ್ದು ಗದ್ದದ ಅಡಿ ಮತ್ತು ಗಂಟಲು. ದಿನ ಬಿಟ್ಟು ದಿನ ನುಣ್ಣಗೆ ಕ್ಷೌರ ಮಾಡಿಕೊಳ್ಳುತ್ತಿದ್ದರಿಂದ ಅದು ಇನ್ನೂ ಎದ್ದು ಕಾಣುತ್ತಿತ್ತು. ಅಂಗಿಯ ಮೇಲಿನ ಗುಂಡಿ ಬಿಚ್ಚಿದರೆ ಅಲ್ಲಿಂದ ಕೆಳಕ್ಕೆ ಬೇರೆಯದೇ ಬಣ್ಣ. ಮೊದಲ ಸಲ ನೋಡಿದಾಗ ಏನೋ ಚರ್ಮದ ಕಾಯಿಲೆ ಇರಬೇಕು ಎಂದುಕೊಂಡಿದ್ದೆ. ಐವತ್ತು ವರ್ಷ ತಲೆಯೆತ್ತಿ ಆಕಾಶ ನೋಡುತ್ತ ನಿಂತವರಿಗೆ ಹಾಗಾಗುತ್ತದೆ ಎಂದು ತಿಳಿಯುವುದಕ್ಕೆ ನನಗೆ ಅವರೊಂದಿಗೆ ಒಂದು ಜಗಳವೇ ಬೇಕಾಯಿತು.

ಶಿವಾಜಿನಗರದಲ್ಲಿ ಹಳೇ ಕಾರಿನ ಬಿಡಿಭಾಗ ಮಾರುವ ಗಲ್ಲಿಗಳಿವೆಯಲ್ಲ, ಅಂಥದೊಂದರಲ್ಲಿ ಅವರು ರೇಡಿಯೇಟರ್ ರಿಪೇರಿ ಮಾಡುತ್ತಿದ್ದರು. ನೆಲಮಹಡಿಯಲ್ಲಿ ಅಂಗಡಿ, ಅದರ ಮೇಲೆ ಅವರ ಮನೆ, ಮನೆಯ ಮೇಲೆ ನಮ್ಮ ಆಫೀಸು, ಎಲ್ಲಕ್ಕೂ ಮೇಲೆ ತಾರಸಿಯಲ್ಲಿ ಅವರ ಅರವತ್ತು ಪಾರಿವಾಳಗಳು. ಇಡೀ ಗಲ್ಲಿ ಅವರನ್ನು ಚಾಚಾ ಎನ್ನುತ್ತಿತ್ತು. ನಾನೂ ಹಾಗೇ ಕರೆದೆ. ನಮ್ಮಪ್ಪ ಅಮ್ಮ ಯಾದಗಿರಿ ಕಡೆಯವರು, ಕಗ್ಗದಾಸಪುರದ ಬಾಡಿಗೆ ಕೋಣೆಯಲ್ಲಿ ನನ್ನನ್ನು ಬೆಳೆಸಿದವರು. ಊರಿನ ನೆನಪಿಗೆ ಮನೆಯಲ್ಲಿ ಆಗಾಗ ದಖ್ಖನಿ ಉರ್ದು ಮಾತು ನುಸುಳುತ್ತಿತ್ತು. ಆ ನಾಲ್ಕು ಮಾತು ನನಗೂ ಬರುತ್ತದೆ ಎಂದು ಗೊತ್ತಾದ ದಿನದಿಂದ ಚಾಚಾ ನನ್ನನ್ನು ಬೇಟಾ ಎಂದು ಕರೆಯತೊಡಗಿದರು.

ಆಫೀಸು ಎಂದರೆ ನಾವು ಮೂರೇ ಜನ. ಕೋಡ್ ಬರೆಯುವವಳು ನಾನು. ಚಿತ್ರ ಬರೆಯುವವನು ಹಲಸೂರಿನ ಗೆಳೆಯ. ಸದ್ದು ಕೂಡಿಸುವುದು, ಹೊರಗಿನವರ ಜೊತೆ ನಗುತ್ತ ಮಾತಾಡುವುದು ಇನ್ನೊಬ್ಬ ಗೆಳೆಯನ ಕೆಲಸ. ಮೂವರೂ ಸೇರಿ ಬಾಹ್ಯಾಕಾಶದಲ್ಲಿ ನಡೆಯುವ ಯುದ್ಧದ ಒಂದು ಗೇಮ್ ಮಾಡುತ್ತಿದ್ದೆವು. ಒಂದು ದೊಡ್ಡ ತಾಯಿಹಡಗು, ಅದರ ಸುತ್ತ ಕಾವಲು ಹಡಗುಗಳ ಪಡೆ, ತಾಯಿಹಡಗಿನ ಹೊಟ್ಟೆಯಿಂದ ಹೊರಟು ಶತ್ರುವಿನ ಮೇಲೆ ಬೀಳುವ ನಲವತ್ತು ಪುಟ್ಟ ಫೈಟರ್‌ಗಳು. ಆಡುವವರೇ ಸೇನಾಪತಿ. ಮೂರು ವರ್ಷದಿಂದ ಇದೇ ನಮ್ಮ ಅನ್ನ, ಇದೇ ನಮ್ಮ ನಿದ್ದೆ.

ಆದರೆ ಗೇಮಿನಲ್ಲಿ ಜೀವ ಇರಲಿಲ್ಲ. ಅದನ್ನು ಮಾರುಕಟ್ಟೆಗೆ ತರಲು ಒಪ್ಪಿದ್ದ ಕಂಪನಿಯ ಪರೀಕ್ಷಕರೊಬ್ಬರು ವಿಡಿಯೋ ಕಾಲಿನಲ್ಲಿ ನಮ್ಮೆದುರೇ ಅರ್ಧ ಗಂಟೆ ಆಡಿದರು. ನಲವತ್ತರಲ್ಲಿ ಮೂವತ್ತು ಫೈಟರ್‌ಗಳು ಉರಿದುಹೋದವು, ಅವರು ಆಕಳಿಸಿದರು. ಈ ಫೈಟರ್‌ಗಳು ಸತ್ತರೂ ನನಗೆ ಏನೂ ಅನ್ನಿಸುವುದಿಲ್ಲ, ಇದೇ ತೊಂದರೆ ಎಂದರು. ಮುಂದಿನ ಪರೀಕ್ಷೆಯಲ್ಲೂ ಹೀಗೇ ಅನ್ನಿಸಿದರೆ ಒಪ್ಪಂದ ಅಲ್ಲಿಗೆ ಮುಗಿಯುತ್ತದೆ, ನಾವು ಮೂವರೂ ಮೂರು ದಿಕ್ಕಿನ ಕಂಪನಿಗಳಲ್ಲಿ ಕೆಲಸ ಹುಡುಕಿಕೊಳ್ಳಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾನು ಹೆದರಿ ಫೈಟರ್‌ಗಳಿಗೆ ಇನ್ನಷ್ಟು ಬುದ್ಧಿ ತುಂಬಿದೆ, ಸ್ಫೋಟಗಳನ್ನು ದೊಡ್ಡದು ಮಾಡಿದೆ. ಏನೂ ಪ್ರಯೋಜನವಾಗಲಿಲ್ಲ.

ಅಷ್ಟರಲ್ಲಿ ಮಳೆಗಾಲ ಬಂತು. ತಾರಸಿ ಸೋರಿ ನೇರವಾಗಿ ನನ್ನ ಕಂಪ್ಯೂಟರಿನ ಮೇಲೆ ತೊಟ್ಟಿಕ್ಕತೊಡಗಿತು. ಗೆಳೆಯರಿಬ್ಬರೂ ಮಾರ್ಕೆಟ್ಟಿಗೆ ಹೋಗಿ ದೊಡ್ಡದೊಂದು ನೀಲಿ ಟಾರ್ಪಾಲು ತಂದು ತಾರಸಿಗೆಲ್ಲ ಹೊದಿಸಿ, ಪಾರಿವಾಳದ ಗೂಡಿನ ಕಂಬಕ್ಕೇ ಹಗ್ಗ ಬಿಗಿದು ಬಂದರು. ಮಹಾ ಸಾಹಸ ಮಾಡಿದವರ ಹಾಗೆ ಟೀ ತರಿಸಿಕೊಂಡು ಕುಡಿದರು. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಯಾರೋ ಬಾಗಿಲು ದಡದಡ ಬಡಿದರು. ತೆಗೆದರೆ ಚಾಚಾ.

"ಆ ನೀಲಿ ಕಟ್ಟಿದ್ದು ಯಾರು?"

"ನಾವೇ ಚಾಚಾ. ಸೋರ್ತಾ ಇತ್ತು."

"ನನ್ನ ಮಕ್ಳು ಎರಡು ಗಂಟೆಯಿಂದ ಮೇಲೇ ಸುತ್ತುತಾ ಇದಾವೆ. ಮನೆ ಗುರ್ತು ಸಿಗ್ತಿಲ್ಲ ಅವಕ್ಕೆ."

ಅವರು ಕೂಗಾಡಲಿಲ್ಲ. ಅಷ್ಟು ಹೇಳಿ ಮತ್ತೆ ಮೆಟ್ಟಿಲು ಹತ್ತಿದರು. ಅವರ ಹಿಂದೆಯೇ ಓಡಿ ತಾರಸಿ ಹತ್ತಿ ನೋಡಿದೆ. ಎತ್ತರದಲ್ಲಿ ಒಂದು ಗುಂಪು ಚುಕ್ಕಿಗಳು ಸುತ್ತು ಹಾಕುತ್ತಿದ್ದವು. ಕೆಳಗಿಳಿದು ಬರುತ್ತವೆ, ನಮ್ಮ ಕಟ್ಟಡದ ಮೇಲೆ ಬಂದೊಡನೆ ಬೆಚ್ಚಿ ಮತ್ತೆ ಏರುತ್ತವೆ. ಹುಟ್ಟಿದ ಮನೆಯ ಮೇಲೇ ಹಾರುತ್ತ ಇದು ನಮ್ಮ ಮನೆಯಲ್ಲ ಎಂದುಕೊಂಡು ದಾಟಿ ಹೋಗುತ್ತಿದ್ದವು. ಇಬ್ಬರೂ ಸೇರಿ ಹಗ್ಗ ಬಿಚ್ಚಿ ಟಾರ್ಪಾಲು ಎಳೆದು ಸುತ್ತಿದೆವು. ಹತ್ತು ನಿಮಿಷದಲ್ಲಿ ಅಷ್ಟೂ ಪಾರಿವಾಳಗಳು ಇಳಿದವು. ಅದರ ಹಿಂದೆಯೇ ಮಳೆಯೂ ಇಳಿದು ನನ್ನ ಕಂಪ್ಯೂಟರ್ ತೊಯ್ದುಹೋಯಿತು.

ಮರುದಿನ ಬೆಳಿಗ್ಗೆ ಚಾಚಾ ತಾವೇ ಡಾಂಬರು ಕಾಯಿಸಿಕೊಂಡು ಬಂದು ತಾರಸಿಯ ಬಿರುಕುಗಳನ್ನೆಲ್ಲ ಮುಚ್ಚಿದರು. ಆಮೇಲೆ, ಒಳಗೆ ಇನ್ನೂ ತೊಟ್ಟಿಕ್ಕುತ್ತಿದೆಯೇ ನೋಡಲು ಆಫೀಸಿಗೆ ಬಂದರು. ಸೂರು ನೋಡಬೇಕಾದವರು ಗೆಳೆಯನ ಕಂಪ್ಯೂಟರ್ ಪರದೆ ನೋಡುತ್ತ ನಿಂತುಬಿಟ್ಟರು.

"ಇವು ಯಾರು ಬೇಟಾ?"

"ಫೈಟರ್ ಚಾಚಾ. ಯುದ್ಧ ಮಾಡೋ ಸಣ್ಣ ವಿಮಾನ."

"ಇವುಗಳ ಮನೆ?"

ತಾಯಿಹಡಗನ್ನು ತೋರಿಸಿದೆ.

"ಅದೇ ಮನೆ ಅಂತ ಹೆಂಗೆ ಗೊತ್ತಾಗತ್ತೆ ಇವಕ್ಕೆ?"

"ನಾನು ಹೇಳ್ತೀನಲ್ಲ. ಕೋಡಲ್ಲಿ ಬರೆದಿದೀನಿ. ನೋಡಿ." ಎಂದು ವಾಪಸು ಕರೆಯುವ ಬಟನ್ ಒತ್ತಿದೆ. ನಲವತ್ತೂ ಫೈಟರ್‌ಗಳು ಒಟ್ಟಿಗೇ ತಿರುಗಿ, ಗೆರೆ ಎಳೆದಂತೆ ಬಂದು, ನಾಲ್ಕು ಸೆಕೆಂಡಿನಲ್ಲಿ ಹಡಗಿನೊಳಗೆ ಸೇರಿಕೊಂಡವು. ನನಗೆ ಅದರ ಬಗ್ಗೆ ಸ್ವಲ್ಪ ಹೆಮ್ಮೆಯೇ ಇತ್ತು.

ಚಾಚಾ ಬಿದ್ದು ಬಿದ್ದು ನಕ್ಕರು. "ಅರೆ ಬೇಟಾ, ಇದು ಇಳಿಯೋದಲ್ಲ. ಚಮಚ ತೊಳೆದು ಡಬ್ಬಕ್ಕೆ ಹಾಕ್ದಂಗೆ ಇದೆ. ಹಾರ್ಸೋದು ಏನ್ ದೊಡ್ಡದು, ಬಾಗ್ಲು ತೆಗೆದ್ರೆ ಹಾರ್ತಾವೆ. ಇಳ್ಸೋದು ನೋಡು, ಅದು ಕೆಲ್ಸ."

ಆ ನಗು ನನ್ನನ್ನು ಚುಚ್ಚಿತು. ಅದಕ್ಕಿಂತ ಹೆಚ್ಚಾಗಿ ಕುತೂಹಲ ಹುಟ್ಟಿತು. ಒಂದು ನೋಟ್‌ಬುಕ್ ಹಿಡಿದುಕೊಂಡು ದಿನಾ ತಾರಸಿಗೆ ಹೋಗತೊಡಗಿದೆ. ಚಾಚಾ ಮುರುಕು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಿದ್ದರು, ನನಗೊಂದು ಖಾಲಿ ಪೇಂಟ್ ಡಬ್ಬ ಬೋರಲು ಹಾಕಿಟ್ಟಿರುತ್ತಿದ್ದರು. ಕೆಳಗಿನ ಅಂಗಡಿಯಿಂದ ಗಿರಾಕಿ ಕೂಗಿದರೆ, "ಮೇಲೆ ಜನ ಇದಾರೆ, ಇಳೀಲಿ, ಬರ್ತೀನಿ" ಎಂದು ಇಲ್ಲಿಂದಲೇ ಕೂಗುವರು. ಹಳೇ ಗಿರಾಕಿಗಳು ಬೈದುಕೊಳ್ಳುತ್ತ ಎದುರಿನ ಹೋಟೆಲಿನಲ್ಲಿ ಟೀ ಕುಡಿದು ಕಾಯುವರು. ಹೊಸಬರು ಬೇರೆ ಅಂಗಡಿಗೆ ಹೋಗುವರು. ಪಾರಿವಾಳಗಳು ಇಳಿದು ತಿನ್ನುವ ತನಕ ಚಾಚಾ ತಾವೂ ತಿನ್ನುತ್ತಿರಲಿಲ್ಲ. ಅವರ ಒಬ್ಬಳೇ ಮಗಳು ಬಾಣಸವಾಡಿಯಿಂದ ಭಾನುವಾರ ಅಡುಗೆ ಮಾಡಿಕೊಂಡು ಬಂದರೆ, ಆ ಊಟ ತಾರಸಿಯ ಗೋಡೆಯ ಮೇಲೆ ತಣ್ಣಗಾಗುತ್ತಿತ್ತು. ತಾಯಿ ಇಲ್ಲದ ಆಕೆಗೆ ಈ ಹಕ್ಕಿಗಳನ್ನು ಕಂಡರೆ ಆಗುತ್ತಿರಲಿಲ್ಲ. ಒಮ್ಮೆ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, "ನನ್ನ ನಿಕಾಹ್ ದಿನಾನೂ ಅಬ್ಬಾನ ತಾರಸಿಯಿಂದ ಕರ್ಕೊಂಡು ಬರ್ಬೇಕಾಯ್ತು ರೀ. ಈಗ ನೀವೂ ಸೇರ್ಕೊಂಡ್ರಾ?" ಎಂದು ಕೇಳಿದರು. ನಗುತ್ತ ಕೇಳಿದರೂ ಅದು ತಮಾಷೆಯಾಗಿರಲಿಲ್ಲ.

ಚಾಚಾ ಪಾಠ ಹೇಳುವವರಲ್ಲ. ನಾನು ಕೇಳಬೇಕು, ಅವರು ಮೇಲೆ ಕೈ ತೋರಿಸಬೇಕು. ಗುಂಪಿಗೆ ನಾಯಕ ಯಾರು ಎಂದು ಕೇಳಿದರೆ, "ಈಗ ಮುಂದೆ ಇರೋದು. ಹಾಂ, ಈಗ ನೋಡು, ಬೇರೆಯದು" ಎನ್ನುವರು. ನಾನು ಕೆಳಗೆ ಹೋಗಿ ಕೋಡಿನಿಂದ ನಾಯಕ ಫೈಟರ್ ಅನ್ನು ತೆಗೆದುಹಾಕಿದೆ. "ಮಗಾ, ಲೀಡರ್ ಎಲ್ಲಿ?" ಎಂದು ಹಲಸೂರಿನ ಗೆಳೆಯ ಕೇಳಿದ. "ರಿಟೈರ್ ಆದ" ಎಂದೆ. ಹೊಟ್ಟೆ ತುಂಬಿದ ಹಕ್ಕಿ ಇಳಿಯುವುದಿಲ್ಲ, ಹಸಿದದ್ದು ಇಳಿಯುತ್ತದೆ ಎಂದು ಅವರು ಹೇಳಿದ್ದನ್ನು ಕೇಳಿ ಫೈಟರ್‌ಗಳಿಗೂ ಇಂಧನದ ಹಸಿವು ಕೊಟ್ಟೆ. ಅದು ಅತಿಯಾಗಿ, ಯುದ್ಧ ಶುರುವಾದರೂ ಒಂದು ಫೈಟರ್ ಕೂಡ ಹಡಗು ಬಿಟ್ಟು ಹೊರಡಲಿಲ್ಲ. ಬಾಗಿಲಲ್ಲೇ ಗುಂಪುಗಟ್ಟಿ ನಿಂತವು. ಚಾಚಾ ಅದನ್ನು ನೋಡಿ, "ಅಷ್ಟು ಉಪವಾಸ ಕೆಡವಿದ್ರೆ ಯಾರು ಹಾರ್ತಾರೆ, ನೀನು ಹಾರ್ತೀಯಾ?" ಎಂದು ಛೇಡಿಸಿದರು.

ಇಳಿಸುವುದಕ್ಕೆ ಅವರ ಬಳಿ ಇದ್ದದ್ದು ನಾಲ್ಕು ಲಕ್ಕಾ ಪಾರಿವಾಳಗಳು. ಹಾಲಿನ ಬಿಳುಪು, ಬೀಸಣಿಗೆಯಂತೆ ಬಿಚ್ಚಿದ ಬಾಲ. ಇವು ಎತ್ತರ ಹಾರುವುದಿಲ್ಲ, ಗೂಡಿನ ಸುತ್ತಲೇ ಪಟಪಟ ಎನ್ನುತ್ತಿರುತ್ತವೆ. ಆಕಾಶದಲ್ಲಿರುವ ಗುಂಪು ಇಳಿಯಬೇಕಾದಾಗ ಚಾಚಾ ಲಕ್ಕಾಗಳನ್ನು ಗೂಡಿನ ಮೇಲೆ ಬಿಡುವರು. ಆ ಬಿಳುಪು ಮೇಲಿನವಕ್ಕೆ ಕಾಣುತ್ತದೆ. ಕಂಡೊಡನೆ ಇಳಿಯುವುದಿಲ್ಲ. ಒಂದು ಸುತ್ತು, ಇನ್ನೊಂದು ಸುತ್ತು, ಪ್ರತಿ ಸುತ್ತಿಗೂ ಸ್ವಲ್ಪ ಕೆಳಗೆ. ನಾನು ಎಷ್ಟು ಸಲ ನೋಡಿದರೂ ಇಳಿಯಬೇಕೆಂದು ಅವು ಯಾವ ಕ್ಷಣದಲ್ಲಿ ತೀರ್ಮಾನಿಸುತ್ತವೆ ಎನ್ನುವುದು ಗೊತ್ತಾಗಲೇ ಇಲ್ಲ. ಚಾಚಾಗೂ ಗೊತ್ತಿರಲಿಲ್ಲ. ಐವತ್ತು ವರ್ಷವಾದರೂ ಗೊತ್ತಾಗದ ಆ ಒಂದು ಕ್ಷಣಕ್ಕಾಗಿಯೇ ಅವರು ದಿನಾ ಮೇಲೆ ಬರುತ್ತಿದ್ದರೇನೋ.

ಮಳೆ ಮುಗಿದು ಆಕಾಶ ತಿಳಿಯಾಗಿದ್ದ ಒಂದು ಬೆಳಿಗ್ಗೆ, ಗುಂಪೆಲ್ಲ ಇಳಿದರೂ ಒಂದು ಪಾರಿವಾಳ ಮೇಲೇ ಉಳಿಯಿತು. ಗಿಡುಗವೊಂದು ಗುಂಪಿಗೆ ನುಗ್ಗಿ ಅದನ್ನು ಬೇರ್ಪಡಿಸಿ ಓಡಿಸಿತ್ತು. ಬೂದು ಬಣ್ಣದ ಮಾಮೂಲಿ ಹಕ್ಕಿ, ಹಾರಾಟದ ಪಂದ್ಯಕ್ಕೆ ಬರುವಂಥದ್ದೂ ಅಲ್ಲ. ದಾರಿ ತಪ್ಪಿ ರಸೆಲ್ ಮಾರ್ಕೆಟ್ ಕಡೆ, ಮತ್ತೆ ಹಲಸೂರು ಕೆರೆ ಕಡೆ ಅಲೆಯುತ್ತಿತ್ತು. ಗಿಡುಗ ಬಂದು ಪಕ್ಕದ ಕಟ್ಟಡದ ಮೊಬೈಲ್ ಟವರಿನ ಮೇಲೆ ಕೂತಿತು. ನನಗೂ ಕಾಣುವಷ್ಟು ಹತ್ತಿರದಲ್ಲಿತ್ತು.

ಚಾಚಾ ಟವರ್ ನೋಡಿದರು. ಮೇಲಿನ ಚುಕ್ಕಿ ನೋಡಿದರು. ಆಮೇಲೆ ಹೋಗಿ ಲಕ್ಕಾಗಳ ಬಾಗಿಲು ತೆಗೆದರು.

ಎಲ್ಲ ಮುಗಿಯಲು ಒಂದು ನಿಮಿಷ ಹಿಡಿದಿರಬಹುದು. ಗಿಡುಗ ಕಲ್ಲು ಬಿದ್ದ ಹಾಗೆ ಬಂದು ಒಂದು ಲಕ್ಕಾವನ್ನು ಎತ್ತಿಕೊಂಡು ಹೋಯಿತು. ಡಾಂಬರಿನ ಮೇಲೆ ಒಂದಷ್ಟು ಬಿಳಿ ಗರಿ ಉಳಿದವು. ಉಳಿದ ಮೂರನ್ನು ಚಾಚಾ ಒಳಗೆ ಅಟ್ಟಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಬೂದು ಪಾರಿವಾಳ ಎರಡು ಸುತ್ತು ಹಾಕಿ ಇಳಿದು, ಏನೂ ಆಗಿಯೇ ಇಲ್ಲವೆಂಬಂತೆ ನಡೆದುಕೊಂಡು ಗೂಡಿನೊಳಗೆ ಹೋಯಿತು. ನನಗೆ ಸಿಟ್ಟು ಬಂದಿತ್ತು.

"ಗಿಡುಗ ಕೂತಿದ್ದು ನೋಡಿದ್ರಿ ಚಾಚಾ. ನೋಡಿನೂ ಬಿಟ್ರಿ. ಈ ಮಾಮೂಲಿ ಹಕ್ಕಿಗೋಸ್ಕರ ಲಕ್ಕಾ ಕಳ್ಕೊಂಡ್ರಲ್ಲ?"

ಅವರು ನೀರಿನ ಬಟ್ಟಲು ತೊಳೆಯುತ್ತಿದ್ದರು. ಕಣ್ಣು ಒದ್ದೆಯಾಗಿತ್ತು. "ಅದು ಮೇಲೆ ಮನೆ ಹುಡುಕ್ತಾ ಇತ್ತು ಬೇಟಾ. ಹುಡುಕೋವ್ರಿಗೆ ಮನೆ ಕಾಣಿಸ್ಬೇಕು. ಕಾಣೋ ಹಂಗೆ ಮಾಡಿದ್ರೆ ಗಿಡುಗಕ್ಕೂ ಕಾಣತ್ತೆ. ಏನ್ ಮಾಡೋಕಾಗತ್ತೆ?" ಎಂದರು. ಆ ದಿನ ಅಂಗಡಿ ತೆಗೆಯಲಿಲ್ಲ.

ನಾನು ಮೆಟ್ಟಿಲಿಳಿದು ಬಂದು ಗೆಳೆಯರ ಮುಂದೆ ಒಂದೇ ಉಸಿರಿನಲ್ಲಿ ಹೇಳಿದೆ: ಯುದ್ಧದಲ್ಲಿ ತಾಯಿಹಡಗು ದೀಪ ಆರಿಸಿ ಕತ್ತಲಲ್ಲಿ ಅಡಗಿರುತ್ತದೆ. ಫೈಟರ್‌ಗಳು ವಾಪಸು ಬರಬೇಕಾದರೆ ದೀಪ ಹಚ್ಚಬೇಕು. ಹಚ್ಚಿದರೆ ಅವಕ್ಕೆ ಮನೆ ಕಾಣುತ್ತದೆ, ಶತ್ರುವಿಗೂ ಕಾಣುತ್ತದೆ. ಬಟನ್ ಒತ್ತಿದ ಕೂಡಲೇ ಯಾವುದೂ ಬರುವುದಿಲ್ಲ, ಸುತ್ತು ಹಾಕಿ ಹುಡುಕಿಕೊಂಡು ಬರುತ್ತವೆ. ಪೆಟ್ಟು ತಿಂದದ್ದು ತಡವಾಗಿ ಬರುತ್ತದೆ. ಎಲ್ಲಿಯ ತನಕ ದೀಪ ಉರಿಸುತ್ತೀರಿ ಎನ್ನುವುದು ಆಡುವವರಿಗೆ ಬಿಟ್ಟದ್ದು.

"ಆಡೋರು ಬಯ್ತಾರೆ ಗುರು. ಬಟನ್ ಒತ್ತಿದ್ರೆ ಬರ್ಬೇಕು ಅಂತಾರೆ" ಎಂದ ಸದ್ದಿನ ಗೆಳೆಯ.

"ಬಯ್ಲಿ."

ಹಲಸೂರಿನವನು ದೀಪದ ಚಿತ್ರ ಬರೆಯಲು ಕೂತ.

ಎರಡು ತಿಂಗಳು ಬರೆದೆವು, ಅಳಿಸಿದೆವು. ಚಾಚಾ ಆಗಾಗ ಬಂದು ಕುರ್ಚಿ ಎಳೆದುಕೊಳ್ಳುವರು. "ತಿರುಗೋವಾಗ ಹಿಂದಿನವು ಒಂಚೂರು ತಡ ಮಾಡ್ಬೇಕು" ಎನ್ನುವರು. ನಾನು ತಡ ಮಾಡಿಸಿದರೆ, ಇಡೀ ಗುಂಪಿಗೆ ತಟ್ಟನೆ ಉಸಿರು ಬಂದಂತಾಗುತ್ತಿತ್ತು. ಒಮ್ಮೆ ಅವರ ಕೈಗೇ ಆಟ ಕೊಟ್ಟೆವು. ನಲವತ್ತನ್ನೂ ಹಾರಿಸಿದರು, ಇಳಿಸಿದರು. ಮತ್ತೆ ಹಾರಿಸಿದರು, ಇಳಿಸಿದರು. ಶತ್ರು ಪಡೆ ಬಂದು ಗುಂಡಿನ ಮಳೆಗರೆಯುತ್ತಿದ್ದರೆ ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. "ಚಾಚಾ, ಯುದ್ಧ ಮಾಡಿ!" ಎಂದು ಮೂವರೂ ಕಿರುಚಿದೆವು. "ಜಗಳ ಆಮೇಲ್ ನೋಡ್ಕೊಳೋಣ, ಇನ್ನೂ ನಾಲ್ಕು ಹೊರಗಿದಾವೆ" ಎಂದರು. ಹಡಗು ಪುಡಿಯಾಯಿತು. ನಮ್ಮ ಗೇಮನ್ನು ಅಷ್ಟು ಸಂತೋಷದಿಂದ ಸೋತವರನ್ನು ನಾನು ಇವತ್ತಿಗೂ ಕಂಡಿಲ್ಲ.

ಪರೀಕ್ಷೆಯ ದಿನ ಬಂತು. ಅದೇ ಪರೀಕ್ಷಕರು, ಅದೇ ವಿಡಿಯೋ ಕಾಲ್. ಗೆಲ್ಲುವ ಹಂತಕ್ಕೆ ಬಂದು ದೀಪ ಹಚ್ಚಿದರು. ಮೂವತ್ತೆಂಟು ಫೈಟರ್‌ಗಳು ಇಳಿದವು. ಶತ್ರು ಹತ್ತಿರವಾಗುತ್ತಿತ್ತು. ಆಗ ದೀಪ ಆರಿಸಿದ್ದರೆ ಗೆದ್ದುಬಿಡುತ್ತಿದ್ದರು. ಅವರ ಕರ್ಸರ್ ಬಟನಿನ ಮೇಲಿದ್ದದ್ದು ಕಾಣುತ್ತಿತ್ತು, ಒತ್ತಲಿಲ್ಲ. ಮೂವತ್ತೊಂಬತ್ತನೆಯದು ಹೊಗೆಯುಗುಳುತ್ತ ಬಂದು ಸೇರಿತು. ಮುಂದಿನ ಕ್ಷಣ ಹಡಗೇ ಸಿಡಿಯಿತು. ಅವರು ಇನ್ನೊಂದು ಸಲ ಆಡಬಹುದೇ ಎಂದು ಕೇಳಿದರು. ನನ್ನ ಪಕ್ಕದಲ್ಲಿ ಹಲಸೂರಿನ ಗೆಳೆಯ ಮೇಜಿನ ಕೆಳಗೆ ನನ್ನ ಕೈ ಹಿಸುಕಿದ.

ಸುದ್ದಿ ಹೇಳಲು ತಾರಸಿಗೆ ಓಡಿದೆ. ಒಪ್ಪಂದ ಉಳಿಯಿತು, ನಾವು ಉಳಿದೆವು ಎಂದು ಬಡಬಡಿಸಿದೆ. ಚಾಚಾ ಎಲ್ಲ ಕೇಳಿಸಿಕೊಂಡು, "ನಲವತ್ತನೇದು?" ಎಂದರು. ಬರುವಷ್ಟರಲ್ಲಿ ಹಡಗು ಹೋಯಿತು ಎಂದೆ. ಲೊಚಗುಟ್ಟಿದರು. ನಮ್ಮ ಗೆಲುವಿಗಿಂತ ಅದೊಂದರ ಸುದ್ದಿಯೇ ಅವರಿಗೆ ದೊಡ್ಡದಾಗಿತ್ತು.

ಮುಂದಿನ ವರ್ಷ ಗೇಮ್ ಹೊರಬಂತು. ಅದಾದ ಸ್ವಲ್ಪ ದಿನಕ್ಕೆ ಚಾಚಾ ಎದೆನೋವೆಂದು ಆಸ್ಪತ್ರೆ ಸೇರಿದರು. ಅಲ್ಲಿಂದ ಎರಡು ಸಂಜೆ ನನಗೆ ಫೋನ್ ಮಾಡಿದರು. "ಎಲ್ಲ ಬಂದ್ವಾ?" "ಬಂದ್ವು ಚಾಚಾ." "ನೀರು ಬದ್ಲಾಯ್ಸು." ಅಷ್ಟೇ ಮಾತು. ಮೂರನೇ ಸಂಜೆ ಅವರ ಮಗಳು ಫೋನ್ ಮಾಡಿದರು. ನಾನು ಆಗ ತಾರಸಿಯಲ್ಲೇ ಇದ್ದೆ. ಅಲ್ಲೇ ಕೂತು ಅತ್ತೆ. ಅಪ್ಪನ ವಯಸ್ಸಿನ ಆ ಮನುಷ್ಯ ನನಗೆ ಎಷ್ಟು ಬೇಕಾದವರಾಗಿದ್ದರು ಎಂದು ಅವರಿರುವಾಗ ಒಂದು ದಿನವೂ ಹೇಳಿರಲಿಲ್ಲ.

ಆಮೇಲಿನ ನಲವತ್ತು ದಿನ ಹಕ್ಕಿಗಳನ್ನು ನಾನೇ ನೋಡಿಕೊಂಡೆ. ಬೆಳಿಗ್ಗೆ ಹಾರಿಸುವುದು, ಲಕ್ಕಾ ಬಿಟ್ಟು ಇಳಿಸುವುದು. ನಲವತ್ತನೇ ದಿನದ ಫಾತೆಹಾ ಪ್ರಾರ್ಥನೆ ಮುಗಿದ ಮರುದಿನ ಮಗಳು ಬಂದರು. ಕೆ.ಆರ್. ಪುರಂನಲ್ಲಿ ಪಾರಿವಾಳ ಸಾಕುವ ಒಬ್ಬರಿಗೆ ಎಲ್ಲವನ್ನೂ ಕೊಟ್ಟುಬಿಡುವುದೆಂದು ಮಾತಾಗಿತ್ತು. ಆ ದಿನ ನಾನು ಹಕ್ಕಿಗಳನ್ನು ಬಿಡಬಾರದಿತ್ತು. ಕೊನೆಯದಾಗಿ ಒಂದು ಸಲ ಹಾರಲಿ ಎಂದು ಮನಸ್ಸು ತಡೆಯದೆ ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಇಳಿದವು, ಒಂದು ಮಾತ್ರ ಇಳಿಯಲಿಲ್ಲ. ಕೆ.ಆರ್. ಪುರಂನಿಂದ ಬಂದವರು ಇಳಿದಷ್ಟನ್ನೂ ಬುಟ್ಟಿಗೆ ತುಂಬಿಸಿಕೊಂಡು ಕೆಳಗೆ ಟೆಂಪೋಗೆ ಏರಿಸಿದರು. ಲಕ್ಕಾಗಳ ಬುಟ್ಟಿಯೊಂದು ಮೇಲೆ ಉಳಿದಿತ್ತು.

"ಒಂದು ತಾನೆ, ಹೋಗ್ಲಿ ಬಿಡೀಮ್ಮಾ. ಲೇಟಾಗತ್ತೆ" ಎಂದರು ಅವರು.

ಮಗಳು ಮೆಟ್ಟಿಲ ತನಕ ಹೋಗಿದ್ದರು. ಅಲ್ಲೇ ನಿಂತರು. ತಲೆಯೆತ್ತಿ ನೋಡಿದರು. ಹುಟ್ಟಿ ಬೆಳೆದ ಮನೆಯ ತಾರಸಿಯಲ್ಲಿ ನಿಂತು ಆಕೆ ಹಾಗೆ ಮೇಲೆ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಕೈಚೀಲವನ್ನು ನೆಲದ ಮೇಲಿಟ್ಟು ವಾಪಸು ಬಂದರು.

"ನೀವು ಕೆಳಗೆ ಟೀ ಕುಡೀತಾ ಇರಿ ಅಣ್ಣ. ಮೇಲೆ ಒಬ್ರು ಇದಾರೆ" ಎಂದು ಆತನಿಗೆ ಹೇಳಿ ನನ್ನ ಕಡೆ ತಿರುಗಿದರು. "ಅಬ್ಬಾ ಹೆಂಗೆ ಇಳಿಸ್ತಿದ್ರು? ನಂಗೆ ಗೊತ್ತಿಲ್ಲ. ನಂಗೆ ಯಾವತ್ತೂ ಹೇಳ್ಕೊಡ್ಲಿಲ್ಲ, ನಾನೂ ಕೇಳ್ಲಿಲ್ಲ."

ನನಗೆ ಗೊತ್ತಿತ್ತು. ಬುಟ್ಟಿಯ ಮುಚ್ಚಳ ತೆಗೆದು ಒಂದು ಲಕ್ಕಾವನ್ನು ಎರಡೂ ಕೈಯಲ್ಲಿ ಎತ್ತಿ ಆಕೆಯ ಕೈಗೆ ಕೊಟ್ಟೆ.